ಬೆಳಕಿನ ಬೆಲೆಯನ್ನು ತೆತ್ತವರಾರು?

ದೀಪದ ಬುಡದಲ್ಲಿ ಕತ್ತಲೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಎಣ್ಣೆಯ ಹಣತೆಯನ್ನು ಕಂಡು ಆಡಿದ ಈ ಗಾದೆಯು ವಿದ್ಯುದ್ದೀಪದ ಕಾಲದಲ್ಲಿ ಸುಳ್ಳಾಗಬೇಕಾಗಿದ್ದಿತು. ಏಕೆಂದರೆ ಮಾಡಿನಿಂದ ತೂಗುವ ಗಾಜಿನ ಬುರುಡೆಗೆ ಬುಡವೇ ಇಲ್ಲ. ಆದರೆ ಗಾದೆಯು ಸುಳ್ಳಾಗಲಿಲ್ಲ. ಪಟ್ಟಣದ ಮನೆಯಲ್ಲಿ ಉರಿಯುವ ದೀಪದ ಬುಡವು ನೂರಾರು ಮೈಲು ದೂರದ ಒಂದು ಕಣಿವೆಯಲ್ಲಿರುವದು. ಅಲ್ಲಿಯ ಕತ್ತಲೆಯು ಪಟ್ಟಣಿಗರ ಕಣ್ಣಿಗೆ ಬೀಳುವದಿಲ್ಲ, ಅಷ್ಟೇ ಭೇದ. ಈ ವಾರ ನಾವು ಬರೆಯಹೊರಟಿರುವದು ಆ ಕತ್ತಲೆಯ ವಿಷಯವನ್ನೇ. ಆ ಕಣಿವೆಯು ಶರಾವತಿಯದು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುವೆವು. ನಾವು ಯಂತ್ರದ ವೈರಿಗಳಲ್ಲ. ಔದ್ಯೋಗಿಕ ಉನ್ನತಿಯನ್ನು ಕಂಡು ಮುಖ ತಿರುಗಿಸುವವರೂ ಅಲ್ಲ. 1902ನೆಯ ಇಸವಿಯಲ್ಲಿ ಶಿವನಸಮುದ್ರದ ಕಾವೇರಿಯು ವಿದ್ಯುಚ್ಛಕ್ತಿಯನ್ನು ಹೆತ್ತು, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅದನ್ನು ಮುಟ್ಟಿಸಿದಾಗ, ಅದು ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ತಂತಿಮಾರ್ಗಗಳಲ್ಲೊಂದಾಗಿದ್ದಿತು. 1905ರಲ್ಲಿ ಅದೇ ಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದವು. 1912ರಿಂದ 1918ರ ವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಉದ್ಯಮವಿಲ್ಲದ ನಾಡಿಗೆ ಉಳಿಗಾಲವಿಲ್ಲವೆಂದು ನಂಬಿ ದುಡಿದರು. ಇವೆಲ್ಲವೂ ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಗಳೇ, ನಾವೂ ಹೆಮ್ಮೆಪಡುತ್ತೇವೆ.

ಆದರೆ ಆ ಆರಂಭದಲ್ಲಿಯೇ ಒಂದು ಕಹಿಯಾದ ಬೀಜವು ಬಿದ್ದಿದ್ದಿತು. ಕಾವೇರಿಯ ಮೊದಲ ಶಕ್ತಿಯು ಕಾವೇರಿಯ ದಡದ ಹಳ್ಳಿಗಳಿಗೆ ಹೋಗಲಿಲ್ಲ. ಪರದೇಶದ ಕಂಪನಿಯು ನಡೆಯಿಸುತ್ತಿದ್ದ ಗಣಿಗಳಿಗೆ ಹೋಯಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಚಿನ್ನವು ಎತ್ತಲೋ ಹೋಯಿತು. ಸಯನೈಡು ಬೆರೆತ ಮಣ್ಣಿನ ದಿಬ್ಬಗಳು ಮಾತ್ರ ಕೋಲಾರದ ಜನರ ಪಾಲಿಗೆ ಉಳಿದವು. ಸಂಪತ್ತು ಹುಟ್ಟುವ ಸ್ಥಳ ಒಂದು, ಅದು ಹರಿದು ಸೇರುವ ಸ್ಥಳ ಇನ್ನೊಂದು, ಕಸವು ಉಳಿಯುವ ಸ್ಥಳ ಮತ್ತೆ ಮೊದಲಿನದೇ! ಪರಕೀಯರ ಆಳಿಕೆಯಲ್ಲಿ ಇದು ಆಶ್ಚರ್ಯವಲ್ಲ. ನಮ್ಮವರೇ ಆಳಹತ್ತಿದ ಮೇಲೆಯೂ ಇದೇ ಕ್ರಮವು ಮುಂದುವರಿಯಿತಲ್ಲ, ಅದು ಆಶ್ಚರ್ಯ.

ಏಕೀಕರಣದ ಪಕ್ಷವನ್ನು ಹಿಡಿದವರಿಗೆ ಶರಾವತಿಗಿಂತ ಒಳ್ಳೆಯ ಸಾಕ್ಷಿಯು ಬೇರೊಂದಿರಲಿಲ್ಲ. ತೀರ್ಥಹಳ್ಳಿಯ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ಹೊಳೆಯು ಮೊದಲಿನಿಂದ ಕೊನೆಯ ವರೆಗೆ ಹರಿಯುವದು ಕನ್ನಡದ ನೆಲದಲ್ಲಿಯೇ. ಹೀಗಿದ್ದರೂ 1956ಕ್ಕೆ ಮೊದಲು ಜೋಗದಲ್ಲಿ ಅದರ ಒಂದು ದಡವು ಮೈಸೂರು ಸಂಸ್ಥಾನಕ್ಕೂ ಇನ್ನೊಂದು ದಡವು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ಒಂದು ಬದಿಗೆ ಮೈಸೂರು ಬಂಗಲೆ, ಎದುರು ಬದಿಗೆ ಮುಂಬಯಿ ಬಂಗಲೆ. ಧುಮುಕುವ ನೀರು ಒಂದೇ, ನಿಂತು ನೋಡುವ ಜನರ ನುಡಿಯೂ ಒಂದೇ. ಆಳುವ ದೊರೆತನಗಳು ಮಾತ್ರ ಎರಡು. ತುಂಗಭದ್ರೆಯದೂ ಇದೇ ಪಾಡು. 1945ರಲ್ಲಿ ಅದರ ಅಣೆಕಟ್ಟಿನ ಕೆಲಸಕ್ಕೆ ಕೈಹಚ್ಚಿದಾಗ ಒಂದು ದಡವು ಹೈದರಾಬಾದಿನ ನಿಜಾಮನದು, ಇನ್ನೊಂದು ದಡವು ಮದರಾಸಿನದು. ಎರಡೂ ದಡಗಳ ಹಳ್ಳಿಗಳಲ್ಲಿ ಕನ್ನಡಿಗರು.

ಇಂತಹ ಹೊಳೆಗಳನ್ನು ತೋರಿಸಿಯೇ ಏಕೀಕರಣದ ಹಿರಿಯರು ವಾದಿಸಿದರು: ಒಂದು ಮನೆಯವರು ಒಂದು ಮಾಡಿನ ಕೆಳಗೆ ಬರಬೇಕು, ಆಗ ಒಬ್ಬನ ಸುಖವು ಎಲ್ಲರ ಸುಖವಾಗುವದು, ಒಬ್ಬನ ದುಃಖವು ಎಲ್ಲರ ದುಃಖವಾಗುವದು. 1956ರ ನವಂಬರ 1ರಂದು ಮಾಡು ಒಂದಾಯಿತು. ಸುಖದುಃಖಗಳ ಲೆಕ್ಕವು ಒಂದಾಯಿತೇ ಎಂಬದೇ ನಮ್ಮ ಇಂದಿನ ಪ್ರಶ್ನೆ.

ಜೋಗದ ಮೊದಲ ವಿದ್ಯುದಾಗಾರವು 1948ರಲ್ಲಿ ಕೆಲಸವನ್ನು ಆರಂಭಿಸಿತು. ಅದಕ್ಕಾಗಿ ಹಿರೇಭಾಸ್ಕರದಲ್ಲಿ ಕಟ್ಟಿದ ಅಣೆಕಟ್ಟು ಸಾಲದೆಂದು, ಅದಕ್ಕಿಂತ ಬಹು ದೊಡ್ಡದಾದ ಲಿಂಗನಮಕ್ಕಿಯ ಅಣೆಕಟ್ಟನ್ನು 1964ರಲ್ಲಿ ಕಟ್ಟಿ ಮುಗಿಸಿದರು. ಸುಮಾರು 150 ಟಿ.ಎಂ.ಸಿ. ನೀರು ನಿಲ್ಲುವ ಈ ಜಲಾಶಯವು 300 ಚದರ ಕಿಲೋಮೀಟರಿಗೂ ಹೆಚ್ಚಿನ ನೆಲವನ್ನು ಮುಚ್ಚಿತು. ಹಳೆಯ ಹಿರೇಭಾಸ್ಕರದ ಕಟ್ಟೆಯೂ ಅದರಲ್ಲಿಯೇ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಅದು ತಲೆ ಎತ್ತಿ ಕಾಣುವದುಂಟು. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿಯ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ. ಅವುಗಳ ಒಟ್ಟು ಶಕ್ತಿ 1,035 ಮೆಗಾವಾಟು. ಅನೇಕ ವರ್ಷಗಳ ವರೆಗೆ ನಾಡಿನ ವಿದ್ಯುಚ್ಛಕ್ತಿಯ ಬಹು ದೊಡ್ಡ ಪಾಲು ಈ ಒಂದೇ ಹೊಳೆಯಿಂದ ಬಂದಿತು. ಬೆಂಗಳೂರಿನ ಕಾರಖಾನೆಗಳು ಬೆಳೆದದ್ದು, ಬಯಲುಸೀಮೆಯ ಭಾವಿಗಳಿಗೆ ಪಂಪುಗಳು ಬಂದದ್ದು, ಹಳ್ಳಿಯ ಶಾಲೆಯ ಹುಡುಗನು ರಾತ್ರಿ ಓದುವಂತಾದದ್ದು ಈ ನೀರಿನ ಉಪಕಾರದಿಂದಲೇ. ಆ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನು.

ಹಾಗಾದರೆ ಆ 300 ಚದರ ಕಿಲೋಮೀಟರಿನಲ್ಲಿ ಏನಿದ್ದಿತು? ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳಿದ್ದವು. ಗದ್ದೆಗಳಿದ್ದವು, ಅಡಿಕೆಯ ತೋಟಗಳಿದ್ದವು, ದೇವಸ್ಥಾನಗಳಿದ್ದವು, ದಟ್ಟವಾದ ಅಡವಿ ಇದ್ದಿತು. ಅಲ್ಲಿಯ ಜನರು ಗಂಟುಮೂಟೆ ಕಟ್ಟಿಕೊಂಡು, ದನಕರುಗಳನ್ನು ಹೊಡೆದುಕೊಂಡು, ತೋರಿಸಿದ ಅಡವಿಗೆ ಹೋಗಿ ಬೀಡುಬಿಟ್ಟರು. ಮಲೆನಾಡಿನಲ್ಲಿ 'ಮುಳುಗಡೆ' ಎಂಬದು ಒಂದು ಘಟನೆಯ ಹೆಸರಾಗಿ ಹುಟ್ಟಿ, ಬರಬರುತ್ತ ಒಂದು ಜನಸಮುದಾಯದ ಹೆಸರೇ ಆಗಿಬಿಟ್ಟಿತು. 'ಅವರು ಮುಳುಗಡೆಯವರು' ಎಂದು ಇಂದಿಗೂ ಅಲ್ಲಿ ಹೇಳುವರು.

ಪರಿಹಾರವನ್ನು ಕೊಟ್ಟರಲ್ಲವೇ ಎಂದು ಪಟ್ಟಣಿಗರು ಕೇಳಬಹುದು. ಪರಿಹಾರವು ಸಿಕ್ಕುವದು ಖಾತೆಯಲ್ಲಿ ಹೆಸರುಳ್ಳವನಿಗೆ. ಅದೇ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹವನ್ನು ಹೂಡಬೇಕಾಯಿತೆಂಬದನ್ನು ನೆನೆದರೆ ಆ ಕಾಲದ ಉಳುವವನ ಸ್ಥಿತಿಯು ತಿಳಿಯುವದು. ತಲೆತಲಾಂತರದಿಂದ ಉಳುತ್ತಿದ್ದರೂ ಅವನ ಹೆಸರು ಖಾತೆಯಲ್ಲಿರಲಿಲ್ಲ. ಉಳುವವನೇ ಹೊಲದೊಡೆಯನೆಂದು ಸಾರಿದ ಭೂಸುಧಾರಣೆಯು ಜಾರಿಗೆ ಬಂದದ್ದು 1974ರಲ್ಲಿ. ನೀರು ಏರಿದ್ದು 1964ರಲ್ಲಿ. ನಾಡಿನ ಉಳಿದ ಗೇಣಿದಾರರಿಗೆ ಕಾಯಿದೆಯು ಭೂಮಿಯನ್ನು ಕೊಡಲು ಬಂದಾಗ, ಈ ಕಣಿವೆಯ ಗೇಣಿದಾರನ ಭೂಮಿಯು ನೀರಿನ ತಳದಲ್ಲಿದ್ದಿತು. ಹತ್ತು ವರ್ಷಗಳ ಅಂತರದಲ್ಲಿ ಅವನು ಒಡೆಯನಾಗುವ ಭಾಗ್ಯವನ್ನು ಕಳೆದುಕೊಂಡನು. ಈ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆದಿರುವರು?

ಇಷ್ಟೇ ಅಲ್ಲ. ಅಡವಿಯಲ್ಲಿ ನೆಲೆಗೊಳಿಸಿದ ಜನರಿಗೆ ಆ ನೆಲದ ಹಕ್ಕುಪತ್ರವನ್ನಾದರೂ ಸರಿಯಾಗಿ ಮಾಡಿಕೊಟ್ಟರೇ? ಅದೂ ಇಲ್ಲ. ಅರಣ್ಯವನ್ನು ಬಿಡಿಸಿ ಕೊಡುವ ಕಾಗದಪತ್ರಗಳು ಅರ್ಧಕ್ಕೆ ನಿಂತವು. 1980ರಲ್ಲಿ ಅರಣ್ಯ ಸಂರಕ್ಷಣೆಯ ಕಾಯಿದೆಯು ಬಂದಿತು. ಅಂದಿನಿಂದ ಅರಣ್ಯದ ಒಂದು ಗುಂಟೆ ಭೂಮಿಯನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೂ ಕೇಂದ್ರ ಸರಕಾರದ ಒಪ್ಪಿಗೆ ಬೇಕಾಯಿತು. ಹೀಗೆ ಸರಕಾರವೇ ಕರೆದುಕೊಂಡು ಹೋಗಿ ಕೂಡಿಸಿದ ಮನುಷ್ಯನು ಅದೇ ಸರಕಾರದ ಪುಸ್ತಕದಲ್ಲಿ ಅರಣ್ಯವನ್ನು ಅತಿಕ್ರಮಿಸಿದವನಾದನು! ಮುಳುಗಡೆಯಾಗಿ ಅರವತ್ತು ವರ್ಷಗಳು ಕಳೆದ ಮೇಲೆಯೂ ಇಂತಹ ಕುಟುಂಬಗಳ ಭೂಮಿಯ ಪ್ರಶ್ನೆಯು ಕಚೇರಿಯಿಂದ ಕಚೇರಿಗೆ, ನ್ಯಾಯಾಲಯದಿಂದ ಮಂತ್ರಾಲಯಕ್ಕೆ ಅಲೆದಾಡುತ್ತಲೇ ಇದ್ದಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಊರು ಬಿಟ್ಟು ಹೋದವರ ಪಾಡು ಹೀಗಾದರೆ ಉಳಿದವರ ಪಾಡೇನು? ಕರೂರು ಸೀಮೆಯ ತುಮರಿ ಮೊದಲಾದ ಹಳ್ಳಿಗಳು ಹಿನ್ನೀರಿನ ಆಚೆಗೆ ನಡುಗಡ್ಡೆಯಂತಾದವು. ತಾಲೂಕಿನ ಊರಾದ ಸಾಗರಕ್ಕೆ ಬರಲು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಲಾಂಚೇ ಗತಿಯಾಯಿತು. ಸಂಜೆಯ ಲಾಂಚು ತಪ್ಪಿದರೆ ಮರುದಿನದ ವರೆಗೆ ಕಾಯಬೇಕು, ಇಲ್ಲವೇ ಬಹು ದೂರದ ಸುತ್ತು ದಾರಿಯನ್ನು ಹಿಡಿಯಬೇಕು. ನೋವು ತಿನ್ನುವ ಬಸುರಿಗೂ, ಹಾವು ಕಚ್ಚಿದ ರೈತನಿಗೂ ಇದೇ ನಿಯಮ. ಬರಗಾಲದ ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿನಲ್ಲಿ ವಾಹನಗಳನ್ನು ದಾಟಿಸುವದೂ ನಿಲ್ಲುತ್ತಿದ್ದಿತು. ಕೊನೆಗೆ 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರು ಉದ್ದದ ಸೇತುವೆಯು ತೆರೆಯಿತು. ಸೇತುವೆಯು ಭವ್ಯವಾಗಿರುವದು, ನಮ್ಮ ಸ್ಥಾಪತಿಗಳ ಕೌಶಲವು ಸ್ತುತ್ಯವಾಗಿರುವದು. ಆದರೆ 1964ರಿಂದ 2025ರ ವರೆಗೆ ಎಷ್ಟು ವರ್ಷಗಳೆಂಬದನ್ನು ವಾಚಕರು ಬೆರಳೆಣಿಸಿ ನೋಡಲಿ. ಅರವತ್ತೊಂದು! ಕಟ್ಟೆಯನ್ನು ಕಟ್ಟಬಲ್ಲ ನಾಡಿಗೆ ಅದರ ಹಿಂದೆ ಸಿಕ್ಕಿಬಿದ್ದವರಿಗೆ ದಾರಿಯನ್ನು ಕಟ್ಟಿಕೊಡಲು ಎರಡು ತಲೆಮಾರು ಬೇಕಾದವು. ಇದಕ್ಕೆ ಕಾರಣವು ವಿದ್ಯೆಯ ಕೊರತೆಯಲ್ಲ, ಲಕ್ಷ್ಯದ ಕೊರತೆ.

ಈ ಮಾತನ್ನು ಎತ್ತಿದಾಗಲೆಲ್ಲ ಒಂದು ಸಿದ್ಧವಾದ ಉತ್ತರವು ಬರುವದು. 'ನಾಡಿನ ಏಳಿಗೆಗಾಗಿ ಯಾರಾದರೂ ತ್ಯಾಗ ಮಾಡಲೇಬೇಕಷ್ಟೆ!' ಎಂದು ಹಿರಿಯ ಅಧಿಕಾರಿಗಳೂ, ಅವರಿಗಿಂತ ಹೆಚ್ಚಾಗಿ ವೇದಿಕೆಯ ಮೇಲಿನ ಮುಖಂಡರೂ ಹೇಳುವರು. ಈ 'ತ್ಯಾಗ' ಎಂಬ ಪವಿತ್ರವಾದ ಶಬ್ದವನ್ನು ಇಷ್ಟು ಹಗುರಾಗಿ ಬಳಸುವದು ನಮಗೆ ಸಹಿಸುವದಿಲ್ಲ. ತನ್ನದನ್ನು ತಾನಾಗಿ ಬಿಟ್ಟುಕೊಡುವದು ತ್ಯಾಗ. ದಧೀಚಿಯು ತನ್ನ ಎಲುಬನ್ನು ತಾನೇ ಕೊಟ್ಟನು. ಯಾರೂ ನೋಟೀಸು ಕಳಿಸಿ ಕಿತ್ತುಕೊಂಡು ಹೋಗಲಿಲ್ಲ. ಇಂತಹ ದಿನದೊಳಗೆ ಮನೆ ತೆರವು ಮಾಡತಕ್ಕದ್ದೆಂದು ಆಜ್ಞೆಯನ್ನು ಪಡೆದವನು ಮಾಡಿದ್ದು ತ್ಯಾಗವೆನ್ನುವದಾದರೆ, ದರೋಡೆಗೆ ಸಿಕ್ಕವನನ್ನೂ ದಾನಶೂರನೆನ್ನಬೇಕಾಗುವದು. ತ್ಯಾಗವೆಂದು ಕರೆದುಬಿಟ್ಟರೆ ಋಣವು ಉಳಿಯುವದಿಲ್ಲವೆಂಬ ಜಾಣತನವು ಇದರಲ್ಲಿ ಅಡಗಿರುವದು. ನಾವು ಹೇಳುವದು ಇದನ್ನು: ಶರಾವತಿಯ ಕಣಿವೆಯು ನಾಡಿಗೆ ಸಾಲವನ್ನು ಕೊಟ್ಟಿದೆ. ಸಾಲಕ್ಕೆ ಬಡ್ಡಿಯುಂಟು, ಅವಧಿಯುಂಟು, ಮರುಪಾವತಿಯುಂಟು.

ಮನುಷ್ಯರ ನಷ್ಟದ ಜೊತೆಗೆ ಹೊಳೆಯ ನಷ್ಟವೂ ಇದೆ. 253 ಮೀಟರು ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಧುಮುಕುವ ಜೋಗವು ಬೇಸಿಗೆಯಲ್ಲಿ ಬರಿಯ ಬಂಡೆಯಾಗುವದನ್ನು ನೋಡಿದವರು ಬಲ್ಲರು. ಕಣ್ಣಿಗೆ ಕಾಣದ ನಷ್ಟವು ಇನ್ನೂ ಕೆಳಗೆ, ಹೊನ್ನಾವರದ ಅಳಿವೆಯಲ್ಲಿರುವದು. ಸ್ವಾಭಾವಿಕವಾದ ಹೊಳೆಯು ಮಳೆಗಾಲದಲ್ಲಿ ತುಂಬಿ ಹರಿದು ಸಿಹಿನೀರನ್ನು ಕಡಲಿಗೆ ಸುರಿಯುವದು. ಬೇಸಿಗೆಯಲ್ಲಿ ಬಡವಾಗಿ, ಭರತದ ಉಪ್ಪುನೀರನ್ನು ಒಳನಾಡಿನ ವರೆಗೆ ಬರಗೊಡುವದು. ಸಿಹಿ ಉಪ್ಪುಗಳ ಈ ಋತುಮಾನದ ಏರಿಳಿತದ ಮೇಲೆ ಅಳಿವೆಯ ಮೀನು ಚಿಪ್ಪಿಕಲ್ಲುಗಳ ಬಾಳು ನಿಂತಿದೆ. ವಿದ್ಯುದಾಗಾರವು ವರ್ಷವಿಡೀ ನೀರನ್ನು ಬಿಡುವದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶವು ತಗ್ಗಿ ಈ ಏರಿಳಿತವು ಕೆಟ್ಟಿತು. ಪಕ್ಕದಲ್ಲಿಯೇ ಇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿಯ ಅಳಿವೆಯಲ್ಲಿ ಚಿಪ್ಪಿಕಲ್ಲನ್ನು ಆಯ್ದು ಸಾವಿರಾರು ಜನರು ಹೊಟ್ಟೆ ಹೊರೆಯುವರು. ಶರಾವತಿಯ ಅಳಿವೆಯಲ್ಲಿ ಆ ಸಮೃದ್ಧಿಯಿಲ್ಲ. ಒಂದೇ ಜಿಲ್ಲೆಯ ಎರಡು ಹೊಳೆಗಳು ನಮಗಾಗಿ ಈ ಪಾಠವನ್ನು ಅಕ್ಕಪಕ್ಕದಲ್ಲಿಯೇ ಬರೆದಿಟ್ಟಿವೆ. ಘಟ್ಟದ ಮೇಲೆ ಗುಂಡಿಯನ್ನು ಒತ್ತಿದರೆ ಘಟ್ಟದ ಕೆಳಗೆ ಒಬ್ಬ ಬೆಸ್ತನ ಬುಟ್ಟಿಯು ಬರಿದಾಗುವದೆಂಬದು ವಿದ್ಯುತ್ತಿನ ಬಿಲ್ಲಿನಲ್ಲಿ ಬರೆದಿರುವದಿಲ್ಲ.

ಇಷ್ಟನ್ನೆಲ್ಲ ಕೊಟ್ಟ ಮೇಲಾದರೂ ಈ ಹೊಳೆಯನ್ನು ನೆಮ್ಮದಿಯಿಂದ ಇರಗೊಟ್ಟರೇ? 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಆಲೋಚನೆಯು ಹೊರಬಿದ್ದಿತು. ಶಿವಮೊಗ್ಗೆಯ ಜನರು ಆ ವರ್ಷದ ಜುಲೈ ತಿಂಗಳಲ್ಲಿ ಬಂದನ್ನು ಆಚರಿಸಿ ಪ್ರತಿಭಟಿಸಿದರು. ಈ ಆಲೋಚನೆಯ ವಿಚಿತ್ರವನ್ನು ವಾಚಕರು ಗಮನಿಸಬೇಕು. ಲಿಂಗನಮಕ್ಕಿಯ ತುಂಬಿದ ಮಟ್ಟವು ಸಮುದ್ರಕ್ಕಿಂತ 1,819 ಅಡಿ ಎತ್ತರದಲ್ಲಿರುವದು. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿರುವದು. ಕೆಳಗೆ ಬಿದ್ದು ಶಕ್ತಿಯನ್ನು ಕೊಡುವ ನೀರನ್ನು, ಶಕ್ತಿಯನ್ನು ವ್ಯಯಿಸಿ ಸಾವಿರಕ್ಕೂ ಹೆಚ್ಚು ಅಡಿ ಮೇಲಕ್ಕೆತ್ತಿ, ಸುಮಾರು 400 ಕಿಲೋಮೀಟರು ದೂರ ಸಾಗಿಸಬೇಕಂತೆ!

ಅದೂ ಯಾವ ಪಟ್ಟಣಕ್ಕೆ? ಕೆರೆಗಳಿಂದಲೇ ಬದುಕಿದ್ದ ಪಟ್ಟಣಕ್ಕೆ. ಧರ್ಮಾಂಬುಧಿಯ ಕೆರೆಯು ಇದ್ದಲ್ಲಿ ಬಸ್ಸು ನಿಲ್ದಾಣವಾಯಿತು. ಸಂಪಂಗಿಯ ಕೆರೆಯು ಇದ್ದಲ್ಲಿ ಆಟದ ಬಯಲಾಯಿತು. ಉಳಿದ ಕೆರೆಗಳಲ್ಲಿ ದೊಡ್ಡದಾದ ಬೆಳ್ಳಂದೂರಿನದಕ್ಕೆ ಪಟ್ಟಣದ ಹೊಲಸು ನೀರನ್ನು ಹರಿಯಬಿಟ್ಟರು. ಅದು ನೊರೆಗಟ್ಟಿತು, 2015ರಲ್ಲಿಯೂ 2017ರಲ್ಲಿಯೂ ಆ ಕೆರೆಯಲ್ಲಿ ಬೆಂಕಿಯೇ ಎದ್ದಿತು. ನೀರಿನಲ್ಲಿ ಬೆಂಕಿಯೇಳುವದನ್ನು ನಮ್ಮ ಪುರಾಣಿಕರು ಪ್ರಳಯದ ವರ್ಣನೆಗೆ ಮೀಸಲಿಟ್ಟಿದ್ದರು; ನಾವು ಅದನ್ನು ನಗರದ ವಾರ್ತೆಯನ್ನಾಗಿ ಮಾಡಿದೆವು. ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು 1974ರಿಂದ ಹಂತಹಂತವಾಗಿ ಮೇಲಕ್ಕೆತ್ತಿ ತರುತ್ತಿದ್ದರೂ 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಬಾಯಿ ಬಿಟ್ಟಿತು. ಮನೆಯ ಭಾವಿಗೆ ಕಸ ಸುರಿದು ನೆರೆಮನೆಯ ಭಾವಿಗೆ ಹಗ್ಗ ಇಳಿಸುವವನನ್ನು ಯಾವ ಊರಿನವರು ಮೆಚ್ಚುವರು? ಬೆಂಗಳೂರು ನಮ್ಮೆಲ್ಲರ ರಾಜಧಾನಿ. ಅದರ ಬಾಯಾರಿಕೆಯು ನಮ್ಮೆಲ್ಲರ ಚಿಂತೆ. ಆದರೆ ತನ್ನ ಕೆರೆಗಳನ್ನು ಸರಿಪಡಿಸಿಕೊಂಡ ಮೇಲೆಯೇ ಪರರ ಹೊಳೆಗೆ ಕೈಚಾಚುವದು ಅದಕ್ಕೆ ಭೂಷಣ.

ಈಗ ಮೂರನೆಯ ಸಲ ಆ ಕಣಿವೆಯ ಬಾಗಿಲನ್ನು ಬಡಿಯುತ್ತಿರುವರು. ಮೇಲಿನ ತಲಕಳಲೆಯ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆಯ ಜಲಾಶಯಕ್ಕೂ ನಡುವೆ ನೆಲದೊಳಗೆ ಸುರಂಗಗಳನ್ನು ಕೊರೆದು, 2,000 ಮೆಗಾವಾಟಿನ ಯೋಜನೆಯನ್ನು ಮಾಡಬೇಕೆಂಬ ಪ್ರಸ್ತಾವವಿದೆ. ಅದರ ತತ್ತ್ವವು ಹೀಗೆ: ಶಕ್ತಿಯು ಹೆಚ್ಚಾಗಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಪಂಪು ಮಾಡುವದು, ಕೊರತೆಯಾಗುವ ಹೊತ್ತಿನಲ್ಲಿ ಅದನ್ನು ಕೆಳಗೆ ಬಿಟ್ಟು ಶಕ್ತಿಯನ್ನು ಪಡೆಯುವದು. ಎತ್ತಲು ಹಾಕಿದ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಹೋಗಿಬಿಡುವದು. ಆದರೂ ಬಿಸಿಲಿನ ವಿದ್ಯುತ್ತು ಮಧ್ಯಾಹ್ನ ಹೇರಳವಾಗಿ ಬಂದು ರಾತ್ರಿ ಇಲ್ಲವಾಗುವದರಿಂದ, ಹೀಗೆ ಕೂಡಿಟ್ಟುಕೊಳ್ಳುವ ಉಪಾಯವು ಬೇಕೆಂಬದರಲ್ಲಿ ಅರ್ಥವಿದೆ. ವಿರೋಧಿಗಳ ಈ ವಾದವನ್ನು ನಾವು ಮುಚ್ಚಿಡುವದಿಲ್ಲ.

ಆದರೆ ಸ್ಥಳವನ್ನು ನೋಡಿರಿ. ಇದು ಸಿಂಗಳೀಕಗಳ ಉಳಿವಿಗಾಗಿ ಸರಕಾರವೇ ಅಭಯಾರಣ್ಯವೆಂದು ಸಾರಿದ ನೆಲ. ಚೆನ್ನಭೈರಾದೇವಿಯು ಆಳಿದ ಗೇರುಸೊಪ್ಪೆಯ ನಿತ್ಯಹಸುರಿನ ಅಡವಿ. ಮುಳುಗಡೆಯವನು ತನ್ನ ಎರಡು ಎಕರೆಗೆ ಹಕ್ಕುಪತ್ರವನ್ನು ಕೇಳಿದರೆ, ಅರಣ್ಯದ ಕಾಯಿದೆಯು ಅಡ್ಡ ಬರುತ್ತದೆಂದು ಹೇಳುವ ಸರಕಾರವು, ಅದೇ ಅರಣ್ಯದೊಳಗೆ ಸುರಂಗ ಕೊರೆಯುವಾಗ ಅದೇ ಕಾಯಿದೆಯಲ್ಲಿ ದಾರಿಯನ್ನು ಹುಡುಕುತ್ತದೆ. ಬಡವನ ಗುಡಿಸಲಿಗೆ ಗೋಡೆಯಾಗುವ ಕಾಯಿದೆಯು ದೊಡ್ಡ ಯಂತ್ರಕ್ಕೆ ಬಾಗಿಲಾಗುವದು ಯಾವ ನ್ಯಾಯ? ಹಿಂದಿನ ಸಾಲವನ್ನು ತೀರಿಸದವನು ಹೊಸ ಸಾಲಕ್ಕೆ ಬಂದರೆ ಹಳ್ಳಿಯ ಸಾಹುಕಾರನು ಕೂಡ ಪಡಸಾಲೆಯಿಂದಲೇ ಅವನನ್ನು ಹಿಂದಕ್ಕೆ ಕಳಿಸುವನು.

'ಹಾಗಾದರೆ ಮತ್ತೆ ಹರಳೆಣ್ಣೆಯ ದೀಪಕ್ಕೆ ಹೋಗೋಣವೇ?' ಎಂದು ಕೆಲವರು ಹಂಗಿಸುವರು. ಇವರ ಬುದ್ಧಿಗೆ ಎರಡೇ ದಾರಿಗಳು ಕಾಣುವವು: ಅನ್ಯಾಯದ ಬೆಳಕು, ಇಲ್ಲವೇ ನ್ಯಾಯದ ಕತ್ತಲೆ. ಮೂರನೆಯ ದಾರಿಯನ್ನು ಹುಡುಕಲು ಇವರು ಪರದೇಶಕ್ಕೆ ಹೋಗಬೇಕಾಗಿಲ್ಲ; ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋದರೆ ಸಾಕು. ಬರದ ಬೀಡಾದ ಆ ತಾಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರಶಕ್ತಿಯ ಸ್ಥಾವರವು ಎದ್ದಿರುವದು. ಅಲ್ಲಿ ಸರಕಾರವು ರೈತರ ಭೂಮಿಯನ್ನು ಕೊಳ್ಳಲಿಲ್ಲ, ಕಿತ್ತುಕೊಳ್ಳಲೂ ಇಲ್ಲ, ಗುತ್ತಿಗೆಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಭೂಮಿಯ ಒಡೆತನವು ರೈತನದೇ. ಅಲ್ಲಿಯೂ ದೋಷವಿಲ್ಲದಿಲ್ಲ. ಭೂಮಿಯಿಲ್ಲದೆ ಕೂಲಿಯಿಂದ ಬದುಕುತ್ತಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಹೊಲದ ಕೂಲಿಯೂ ಇಲ್ಲ ಎಂಬಂತಾಯಿತು; ಕುರಿ ಮೇಯಿಸುವವರ ಬಯಲು ಹೋಯಿತು. ಇದನ್ನು ತಿದ್ದಬೇಕು. ಆದರೂ ನೆಲದವನನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಬೆಳಕನ್ನು ಪಡೆಯಬಹುದೆಂಬದನ್ನು ಪಾವಗಡವು ತೋರಿಸಿಕೊಟ್ಟಿತು. 1964ರಲ್ಲಿ ಹೊಳೆಯದ ವಿವೇಕವು ಇತ್ತೀಚೆಗೆ ಹೊಳೆದಿದ್ದರೆ ಸಂತೋಷ. ಅದನ್ನು ಹಿಂದಕ್ಕೂ ಅನ್ವಯಿಸಿರೆಂದೇ ನಾವು ಕೇಳುವದು.

ಯೋಜನೆಯೊಂದನ್ನು ನಿಲ್ಲಿಸಿದರೆ ನಾಡು ಮುಳುಗಿಹೋಗುವದೆಂಬ ಬೆದರಿಕೆಯೂ ಹುರುಳಿಲ್ಲದ್ದು. ನೆರೆಯ ಬೇಡ್ತಿಯ ಹೊಳೆಗೆ ಕಟ್ಟೆ ಹಾಕಹೊರಟಾಗ, 1981ರಲ್ಲಿ ಶಿರಸಿಯಲ್ಲಿ ರೈತರು ತಜ್ಞರನ್ನು ಕೂಡಿಸಿ ಲಾಭಹಾನಿಗಳನ್ನು ಚರ್ಚಿಸಿದರು. ಕೊನೆಗೆ ಆ ಯೋಜನೆಯನ್ನು ಕೈಬಿಟ್ಟರು. ಕುದುರೆಮುಖದ ಕಬ್ಬಿಣದ ಗಣಿಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಇವುಗಳಿಂದ ಕರ್ನಾಟಕವು ದಿವಾಳಿಯಾಗಲಿಲ್ಲ. ಬೇಡ್ತಿ ಹರಿಯುತ್ತಲೇ ಇದೆ, ಭದ್ರೆಯ ತವರಿನ ಅಡವಿಯು ಉಳಿದಿದೆ.

ಇನ್ನು ನಾವು ಕೇಳುವದೇನೆಂಬದನ್ನು ನೇರವಾಗಿ ಹೇಳುವೆವು. ಮೊದಲನೆಯದು, ಮುಳುಗಡೆಯ ಕುಟುಂಬಗಳಲ್ಲಿ ಭೂಮಿಯ ಹಕ್ಕುಪತ್ರವಿಲ್ಲದವರೆಲ್ಲರಿಗೆ ಅದನ್ನು ಕೊಡತಕ್ಕದ್ದು. ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾದಲ್ಲಿ ನಮ್ಮ ಪಾರ್ಲಿಮೆಂಟಿನ ಸದಸ್ಯರು ಪಕ್ಷಭೇದವನ್ನು ಬಿಟ್ಟು ಒಂದಾಗಿ ಅದನ್ನು ತರತಕ್ಕದ್ದು. ಎರಡನೆಯದು, ಶರಾವತಿಯಲ್ಲಿ ಹುಟ್ಟುವ ಪ್ರತಿಯೊಂದು ಯೂನಿಟ್ಟಿನ ಹಣದಲ್ಲಿ ಒಂದು ಪಾಲನ್ನು ಆ ಕಣಿವೆಯ ಹಳ್ಳಿಗಳ ನಿಧಿಗೆ ಕಾಯಿದೆಯಿಂದ ಕಟ್ಟಿಡತಕ್ಕದ್ದು. ಇದು ಹೊಸ ಮಾತಲ್ಲ. 2015ರಿಂದ ಗಣಿಯವರು ರಾಜಧನದ ಜೊತೆಗೆ ಗಣಿಬಾಧಿತ ಜಿಲ್ಲೆಯ ನಿಧಿಗೆ ಪಾಲನ್ನು ಸಲ್ಲಿಸಬೇಕೆಂಬ ಕಾಯಿದೆಯಿದೆ. 2008ರ ಕೇಂದ್ರದ ಜಲವಿದ್ಯುತ್ತಿನ ನೀತಿಯು ಹೊಸ ಯೋಜನೆಗಳ ಬಾಧಿತ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ಟು ಉಚಿತವೆಂದು ಹೇಳಿತು. ಹೊಸಬರಿಗೆ ನ್ಯಾಯವೆಂದು ಕಂಡದ್ದು ಹಳಬರಿಗೆ ಏಕಿಲ್ಲ? ಮೂರನೆಯದು, ಹಿಂದಿನ ಋಣವು ತೀರುವ ವರೆಗೆ ಆ ಕಣಿವೆಗೆ ಹೊಸ ಯೋಜನೆಯನ್ನು ತರಬಾರದು; ತರುವದಾದರೂ ಗ್ರಾಮಸಭೆಗಳ ಒಪ್ಪಿಗೆಯಿಲ್ಲದೆ ತರಬಾರದು. ನಾಲ್ಕನೆಯದು, ದೂರದ ಹೊಳೆಯನ್ನು ಬೇಡುವ ಪಟ್ಟಣವು ಮೊದಲು ತನ್ನ ಕೆರೆ, ತನ್ನ ಮಳೆನೀರು, ತನ್ನ ಹೊಲಸು ನೀರುಗಳ ಲೆಕ್ಕವನ್ನು ನಾಡಿನ ಮುಂದೆ ಒಪ್ಪಿಸತಕ್ಕದ್ದು.

ಈ ಪತ್ರಿಕೆಯನ್ನು ಓದುವ ಉಪಾಧ್ಯಾಯರಲ್ಲಿ ನಮ್ಮದೊಂದು ವಿನಂತಿ. ನದಿಗಳ ಪಾಠವನ್ನು ಹೇಳುವಾಗ ಶರಾವತಿಯ ಉದ್ದವನ್ನೂ ಜೋಗದ ಎತ್ತರವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸುವಿರಿ. ಅದರ ಜೊತೆಗೆ, ತರಗತಿಯ ದೀಪದ ಗುಂಡಿಯನ್ನು ಒತ್ತಿ, ಈ ಬೆಳಕು ಎಲ್ಲಿಂದ ಬಂದಿತು, ಅದು ಬರುವದಕ್ಕಾಗಿ ಯಾರು ಊರನ್ನು ಬಿಟ್ಟರು ಎಂಬದನ್ನೂ ಒಮ್ಮೆ ಹೇಳಿರಿ. ಇದು ಪಠ್ಯದಲ್ಲಿಲ್ಲದಿದ್ದರೆ ನಿಮ್ಮ ಮನಸ್ಸಿನಿಂದ ಹೇಳಿರಿ. ಪಟ್ಟಣದ ನಾಗರಿಕರಲ್ಲಿಯೂ ಒಂದು ವಿನಂತಿ. ನಿಮ್ಮ ಮತವನ್ನು ಬೇಡಲು ಬಂದವರು ಇಪ್ಪತ್ತುನಾಲ್ಕು ತಾಸು ವಿದ್ಯುತ್ತನ್ನು ಕೊಡುವೆವೆಂದು ಹೇಳಿದಾಗ, ಯಾರ ಮನೆಯಿಂದ ತರುವಿರಿ, ಅವರಿಗೆ ಏನನ್ನು ಕೊಡುವಿರಿ ಎಂದು ಕೇಳುವ ಪದ್ಧತಿಯನ್ನು ಹಾಕಿಕೊಳ್ಳಿರಿ. ಕೇಳುವವರು ಪಟ್ಟಣದಲ್ಲಿ ಹುಟ್ಟುವ ವರೆಗೆ ಕಣಿವೆಯ ಕೂಗು ವಿಧಾನಸೌಧಕ್ಕೆ ಮುಟ್ಟುವದಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನೇಕೆ ಎನ್ನುವವರ ನಾಡೆಂಬ ಹೆಸರು ಕರ್ನಾಟಕಕ್ಕೆ ಬರಬಾರದು. ಜೋಗದ ಎರಡು ದಡಗಳನ್ನು 1956ರಲ್ಲಿ ಒಂದುಗೂಡಿಸಿದೆವು. ಬೆಳಕನ್ನು ಉಣ್ಣುವವರ ದಡ ಮತ್ತು ಬೆಲೆಯನ್ನು ತೆರುವವರ ದಡ ಎಂಬ ಇನ್ನೆರಡು ದಡಗಳು ಬೇರೆಯಾಗಿಯೇ ಉಳಿದಿವೆ. ಅವುಗಳನ್ನು ಕೂಡಿಸದ ವರೆಗೆ ನವಂಬರ ತಿಂಗಳಲ್ಲಿ ನಾವು ಏರಿಸುವ ಬಾವುಟವು ನಕಾಶೆಯ ಬಾವುಟವೇ ಹೊರತು ನಾಡಿನ ಬಾವುಟವಾಗಲಾರದು. ಶರಾವತಿಯ ಸಾಲವನ್ನು ತೀರಿಸುವದು ದಯೆಯ ಕೆಲಸವಲ್ಲ. ಕೂಡಿ ಬಾಳುತ್ತೇವೆಂದು ಮಾತು ಕೊಟ್ಟವರು ಮಾಡಲೇಬೇಕಾದ ಕೆಲಸ.